ಆರು ಗಂಟೆಯ ನೆಂಟ

ನಮ್ಮ ಮನೆಗೆ ಹಿತ್ತಲಿಲ್ಲ. ಪ್ಯಾರೀಸ್ ಕಾರ್ನರಿನಿಂದ ಐದು ನಿಮಿಷ ನಡೆದು ಲಿಂಗಿ ಚೆಟ್ಟಿ ಬೀದಿ ಹಿಡಿದು, ಅಲ್ಲಿಂದ ಒಳಗೆ ಸರಿದರೆ ಸಿಗುವ ಓಣಿ ನಮ್ಮದು. ಎರಡು ಮೋಟಾರ್‌ಸೈಕಲ್ಲು ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕು. ಮನೆಯ ಮುಂಭಾಗ ಪೇಪರ್ ಗೋಡೌನು, ಹಿಂಭಾಗದಲ್ಲಿ ನಾವು. ನಡುವೆ ಒಂದು ತೊಟ್ಟಿ. ಇಲ್ಲಿಯವರ ಬಾಯಲ್ಲಿ ಅದು ಮುಟ್ರಂ. ಅಲ್ಲಿ ಬಟ್ಟೆ ಒಗೆಯುವ ಕಲ್ಲು, ನೀಲಿ ನೀರಿನ ಡ್ರಮ್ಮು, ತುಳಸಿ, ಪೇಂಟ್ ಡಬ್ಬಿಯಲ್ಲಿ ಬೆಳೆದ ಕರಿಬೇವು. ತಲೆ ಎತ್ತಿದರೆ ಒಂದು ಚಾಪೆಯಷ್ಟು ಆಕಾಶ. ದೊಡ್ಡಮ್ಮನ ಪ್ರಕಾರ ಇದೇ ನಮ್ಮ ಹಿತ್ತಲು. ಕೋಟದಲ್ಲಿ ತೆಂಗು, ಹಲಸು, ಗದ್ದೆ ಬಿಟ್ಟು ಬಂದವರು ಹೀಗೆಂದರೆ ಯಾರು ಎದುರು ಮಾತಾಡುತ್ತಾರೆ?

ದೊಡ್ಡಪ್ಪ ಹೋಟೆಲ್ ಕೆಲಸಕ್ಕೆಂದು ಮದ್ರಾಸಿಗೆ ಬಂದವರು. ಅವರಿಗಿಂತ ಎಷ್ಟೋ ಮೊದಲು, 1920ರ ದಶಕದಲ್ಲಿ, ಮುಂದೆ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರು ಬೆವರು ಸುರಿಸಿದ್ದೂ ಜಾರ್ಜ್ ಟೌನಿನ ಇದೇ ಬೀದಿಗಳಲ್ಲಿ. ನಮ್ಮ ದೊಡ್ಡಪ್ಪ ಅಷ್ಟು ದೂರ ಹೋಗಲಿಲ್ಲ. ಸಪ್ಲೈಯರ್ ಆಗಿ ಸೇರಿ ಕ್ಯಾಶ್ ಕೌಂಟರಿನವರೆಗೆ ಬಂದು ನಿಂತರು. ಈಗ ಅವರಿಲ್ಲ. ಮಹಾಲಯಕ್ಕೆ ಅವರ ಹೆಸರು ಹೇಳಿ ಎಳ್ಳುನೀರು ಬಿಡುವವನು ನಾನು.

ಊರಿನವರು ಫೋನು ಮಾಡಿ, “ಅಲ್ಲಿ ಚಳಿ ಶುರುವಾಯ್ತಾ?” ಎಂದು ಅಕ್ಟೋಬರಿನಲ್ಲಿ ಕೇಳಿದರೆ ನಗು ಬರುತ್ತದೆ. ನಮ್ಮ ಕಡೆ ಶರದೃತು ಎಂದರೆ ಮಳೆ ಹಿಂದೆ ಸರಿದು ಆಕಾಶ ತೊಳೆದಿಟ್ಟ ಹಾಗೆ ಕಾಣುವ ಕಾಲ. ಮದ್ರಾಸಿನಲ್ಲಿ ಲೆಕ್ಕ ತಿರುವುಮುರುವು. ಹಿಂಗಾರು ಇಲ್ಲಿ ಕಾಲಿಡುವುದೇ ಅಕ್ಟೋಬರ್ 20ರ ಆಸುಪಾಸು. ವರ್ಷಕ್ಕೆ ಸುಮಾರು 1,400 ಮಿಲಿಮೀಟರ್ ಮಳೆ ಬೀಳುವ ಈ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಸುರಿಯುವುದು ಅಲ್ಲಿಂದ ಡಿಸೆಂಬರಿನೊಳಗೆ. ತಮಿಳರ ಆರು ಕಾಲಗಳಲ್ಲಿ ನಮ್ಮ ಶರತ್ತಿನ ಜಾಗಕ್ಕೆ ಸರಿಯಾಗಿ ಹೊಂದುವುದು ಒಂದೂ ಇಲ್ಲ. ಆವಣಿ, ಪುರಟ್ಟಾಸಿ ಸೇರಿ ಕಾರ್, ಅಂದರೆ ಮೋಡದ ಕಾಲ. ಐಪ್ಪಸಿ, ಕಾರ್ತಿಗೈ ಸೇರಿ ಕೂದಿರ್, ತಂಪಿನ ಕಾಲ. ಎಲೆ ಉದುರುವ ಮಾತೇ ಇಲ್ಲ. ಪ್ಯಾರೀಸಿನಲ್ಲಿ ಉದುರಲು ಎಲೆಗಳಾದರೂ ಎಲ್ಲಿವೆ ಎನ್ನುತ್ತೀರೇನೋ. ಇವೆ. ಹೈಕೋರ್ಟಿನ ಆವರಣದಲ್ಲಿವೆ, ಆರ್ಮೇನಿಯನ್ ಚರ್ಚಿನ ಸಮಾಧಿಗಳ ನಡುವೆ ಇವೆ, ಹಳೆಯ ಗೋಡೆಗಳ ಬಿರುಕಿನಲ್ಲಿ ಯಾರೂ ನೆಡದ ಅರಳಿಗಿಡಗಳಿವೆ.

ಇಲ್ಲಿ ಶರತ್ತು ಬಂದದ್ದು ಗೊತ್ತಾಗುವುದು ಮೊದಲು ಮೂಗಿಗೆ. ಪುರಟ್ಟಾಸಿ ಹುಟ್ಟಿತೆಂದರೆ ಅಕ್ಕಪಕ್ಕದ ಎಷ್ಟೋ ಮನೆಗಳಲ್ಲಿ ಮೀನು ಮಾಂಸ ಬಂದ್. ಬದ್ರಿಯನ್ ಬೀದಿಯ ಹೂವಿನ ಮಂಡಿಯಲ್ಲಿ ಸೇವಂತಿಗೆ ರಾಶಿ ದಿನದಿನಕ್ಕೆ ಎತ್ತರವಾಗುತ್ತದೆ. ಚೆನ್ನಕೇಶವ ಪೆರುಮಾಳ್ ಗುಡಿಯಿಂದ ತಿರುಪತಿ ತಿಮ್ಮಪ್ಪನಿಗೆ ಬಿಳಿಕೊಡೆಗಳು ಮೆರವಣಿಗೆ ಹೊರಡುವ ದಿನ ನಮ್ಮ ಗೋಡೌನಿನ ಹಮಾಲರೂ ಅರ್ಧ ದಿನ ನಾಪತ್ತೆ. ಆಯುಧಪೂಜೆಯ ಹಿಂದಿನ ಸಂಜೆ ಪಾದಚಾರಿ ದಾರಿಯಲ್ಲೆಲ್ಲ ಬೂದುಗುಂಬಳ, ಬಾಳೆಕಂದು, ಮಂಡಕ್ಕಿ ಮೂಟೆ. ಮರುದಿನ ಬೆಳಿಗ್ಗೆ ಆ ಚೆಲ್ಲಿದ ಮಂಡಕ್ಕಿಗೆ ಪಾರಿವಾಳಗಳ ಜಾತ್ರೆ.

ಹೂವು, ಕೊಡೆ, ಕುಂಬಳದ ಗದ್ದಲ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದೇ ಹೊತ್ತಿಗೆ ತಲೆಯ ಮೇಲೆ ನಡೆಯುವ ಓಡಾಟ ಅಷ್ಟಾಗಿ ಬೀಳುವುದಿಲ್ಲ. ರಾಜಾಜಿ ಸಾಲೈಯಲ್ಲಿ ಬಸ್ಸಿಗೆ ಕಾಯುವಾಗ ಒಮ್ಮೆ ಮೇಲೆ ನೋಡಿ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುತ್ತಾರಲ್ಲ, ಆ ಹಳದಿ ಮೈಯ ಕೊಡತಿಗಳು ನೂರಾರು, ಎಲ್ಲೂ ಕೂರದೆ ಗಾಳಿಯಲ್ಲೇ ಓಲಾಡುತ್ತಿರುತ್ತವೆ. ಈ ಜಾತಿಯದ್ದು ಹಿಂಗಾರಿನ ಗಾಳಿ ಹಿಡಿದು ಭಾರತದಿಂದ ಮಾಲ್ಡೀವ್ಸ್ ಮೇಲಾಗಿ ಪೂರ್ವ ಆಫ್ರಿಕಕ್ಕೆ ಸಮುದ್ರ ದಾಟುತ್ತದೆ ಎಂದು ಚಾರ್ಲ್ಸ್ ಆಂಡರ್ಸನ್ ಎಂಬ ಜೀವಶಾಸ್ತ್ರಜ್ಞ 2009ರಲ್ಲಿ ಬರೆದರು. ಮಾಲ್ಡೀವ್ಸಿನಲ್ಲಿ ಸಿಹಿನೀರಿನ ಕೆರೆ ಹಳ್ಳ ಇಲ್ಲವೆನ್ನುವಷ್ಟು ಕಡಿಮೆ. ಆದರೂ ವರ್ಷವರ್ಷ ಅಕ್ಟೋಬರಿಗೆ ಇವು ಎಲ್ಲಿಂದ ಬರುತ್ತವೆ ಎಂಬ ಸಣ್ಣ ಕುತೂಹಲದಿಂದ ಶುರುವಾದ ಲೆಕ್ಕ ಅದು. ಹೋಗಿ ಬರುವ ಪೂರ್ತಿ ಸುತ್ತು ಮುಗಿಯುವಷ್ಟರಲ್ಲಿ ನಾಲ್ಕು ತಲೆಮಾರು ದಾಟಿರುತ್ತವಂತೆ. ನಮ್ಮ ಹೋಟೆಲ್ ವಂಶಗಳೇ ವಾಸಿ.

ತೊಟ್ಟಿಯ ಒಳಗಿನ ಸಂಸಾರ ಇಷ್ಟು ದೊಡ್ಡ ಪ್ರಯಾಣದ್ದಲ್ಲ. ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆ ಎಂದು ಒರೆಸಲು ಹೋದರೆ ಅದು ಹರಿದಾಡುತ್ತದೆ. ಚಿಟ್ಟೆಯ ಮರಿಹುಳು. ಮೊದಮೊದಲು ಹಿಕ್ಕೆಯ ವೇಷ, ಕೊನೆಯ ಪೊರೆ ಬಿಟ್ಟ ಮೇಲೆ ಎಲೆಯದೇ ಹಸಿರು. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಎರಡು ಕೋಡು ಹೊರಚಾಚಿ ಕೆಟ್ಟ ವಾಸನೆ ಬಿಡುತ್ತದೆ. ದೊಡ್ಡಮ್ಮ ಅದಕ್ಕೆ ಬೈಯುವುದಿಲ್ಲ. ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಬಂದು, ಹುಳ ಇಲ್ಲದ ಕಡ್ಡಿ ಹುಡುಕಿ ಎರಡೆಸಳು ಮುರಿದುಕೊಂಡು ಹೋಗುತ್ತಾರೆ. ಅಳಿಲೊಂದು ಗೋಡೌನಿನ ಪೇಪರ್ ಕಟ್ಟುಗಳಿಗೆ ಸುತ್ತಿದ ಸೆಣಬಿನ ಹುರಿಯನ್ನು ಹಲ್ಲಿನಿಂದ ಎಳೆದು, ಬಾಯಿ ತುಂಬ ಮೀಸೆಯ ಹಾಗೆ ಕಚ್ಚಿಕೊಂಡು, ಮೀಟರ್ ಪೆಟ್ಟಿಗೆಯ ಹಿಂದೆ ತುರುಕುತ್ತದೆ. ಮತ್ತೆ ಕಾಗೆಗಳು. ಅವುಗಳಲ್ಲಿ ಒಂದು, ಬಲಗಾಲಿನ ಬೆರಳು ಮುರಿದದ್ದು, ಎದುರು ಮನೆಯವರ ಬಾಯಲ್ಲಿ ಎಮ್ಡನ್. ಹೆಸರಿಗೊಂದು ಕಥೆ ಇದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಎಮ್ಡನ್ ಎಂಬ ಜರ್ಮನ್ ಹಡಗು ಕತ್ತಲಲ್ಲಿ ಬಂದು ಈ ಬಂದರಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿ, ಯಾರ ಕೈಗೂ ಸಿಗದೆ ಹೋಯಿತು. ಗುಂಡು ಬಿದ್ದ ಗುರುತಿನ ಫಲಕ ಹೈಕೋರ್ಟಿನ ಗೋಡೆಯಲ್ಲಿ ಈಗಲೂ ಇದೆ. ಅಂದಿನಿಂದ ತಮಿಳಿನಲ್ಲಿ ಮಹಾ ಚಾಲಾಕಿ ಯಾರಿದ್ದರೂ ಎಮ್ಡನ್. ನಮ್ಮ ಕಾಗೆ ಆ ಬಿರುದಿಗೆ ಯೋಗ್ಯ. ಹಾಲಿನ ಪ್ಯಾಕೆಟ್ಟನ್ನು ಒಂದೇ ಕಡೆ ಕುಕ್ಕಿ, ಚೆಲ್ಲದ ಹಾಗೆ ಕುಡಿಯಬಲ್ಲದು.

ಈಗ 2024ರ ಮಹಾಲಯ ಅಮಾವಾಸ್ಯೆ. ಅಕ್ಟೋಬರ್ 2, ಗಾಂಧಿ ಜಯಂತಿಯ ರಜೆ. ಗೋಡೌನಿಗೆ ಬೀಗ. ಬೆಳಿಗ್ಗೆ ಆರೂವರೆಗೆ ತೊಟ್ಟಿಯ ಅಂಚಿನಲ್ಲಿ ಏಳೆಂಟು ಕಾಗೆ ಸೇರಿ ಒಂದೇ ಸಮ ಕೂಗುತ್ತಿವೆ. ಅಮಾವಾಸ್ಯೆಯ ಎಡೆಗೆ ಇಷ್ಟು ಬೇಗ ಬಂದವೇ ಎಂದುಕೊಂಡೆ. ಆದರೆ ಅವುಗಳ ಕೊಕ್ಕೆಲ್ಲ ಕೆಳಮುಖ. ಎಮ್ಡನ್ ಆಗಲೇ ಒಗೆಯುವ ಕಲ್ಲಿನ ಮೇಲೆ ಇಳಿದಿದೆ.

ಡ್ರಮ್ಮಿನ ಹಿಂದಿನ ಸಂದಿಯಲ್ಲಿ, ಗೋಡೆಗೆ ಒತ್ತಿಕೊಂಡು, ಒಂದು ಹಕ್ಕಿ. ಗೊರವಂಕದಷ್ಟು ಗಾತ್ರ, ಆದರೆ ಬಾಲವನ್ನು ಯಾರೋ ಕತ್ತರಿಸಿದ ಹಾಗೆ ಮೊಂಡು. ನೆಲದಲ್ಲಿ ಓಡಾಡಲೆಂದೇ ಮಾಡಿದಂಥ ಉದ್ದ ಕಾಲು. ಬೆನ್ನು ಹಸಿರು, ಎದೆ ಹೊಟ್ಟೆ ಅರಿಶಿನ ಕಲಸಿದ ಕಂದು, ಕಣ್ಣಿನ ಮೇಲೆ ಅಗಲವಾದ ಕಾಡಿಗೆ ಪಟ್ಟಿ, ಅದರ ಮೇಲೊಂದು ಬಿಳಿ ಹುಬ್ಬು, ಭುಜದಲ್ಲಿ ಹೊಳೆಯುವ ನೀಲಿ. ಅದು ಹೆದರಿ ತಿರುಗಿದಾಗ ಬಾಲದ ಬುಡದಲ್ಲಿ ಕುಂಕುಮದ ಕೆಂಪು. ಪುಸ್ತಕದಲ್ಲಿ ಎಷ್ಟು ಸಲ ನೋಡಿದ್ದೇನೋ. ನವರಂಗ!

“ಎಂತ ಮಾಣಿ ಅದ್? ಗಿಳಿಮರಿಯಾ?” ದೊಡ್ಡಮ್ಮ ಬಾಗಿಲಲ್ಲಿ ನಿಂತು ಕೇಳಿದರು. ನಾನು ಕೈ ಚಾಚುವುದು ನೋಡಿ, “ಮುಟ್ಬೇಡ, ಹೆದ್ರತ್ತ್,” ಎಂದರು. ಮುಟ್ಟದೆ ಬಿಟ್ಟರೆ ಎಮ್ಡನ್ ಬಿಡಬೇಕಲ್ಲ. ಲಗ್ನಪತ್ರಿಕೆ ತುಂಬಿ ಬಂದಿದ್ದ ರಟ್ಟಿನ ಪೆಟ್ಟಿಗೆಯೊಂದು ಗೋಡೌನಿನ ಬಾಗಿಲಲ್ಲಿ ಬಿದ್ದಿತ್ತು. ಕೈವಾರದ ಮೊನೆಯಿಂದ ನಾಲ್ಕು ಕಡೆ ತೂತು ಕೊರೆದೆ. ಹಕ್ಕಿಯ ಮೇಲೆ ಹಳೆಯ ಪಂಚೆ ಹಾಕಿ ಎತ್ತಿದಾಗ ಭಾರವೇ ತಿಳಿಯಲಿಲ್ಲ. ಎದೆ ಮಾತ್ರ ಬಟ್ಟೆಯ ಒಳಗೆ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು. ಬಲವಂತವಾಗಿ ನೀರು ಕುಡಿಸಬಾರದು, ಬಾಯಿಗೆ ತಿಂಡಿ ತುರುಕಬಾರದು, ಕತ್ತಲು ಮತ್ತು ಸದ್ದಿಲ್ಲದ ಜಾಗ ಕೊಟ್ಟರೆ ಸಾಕು ಎಂದು ಹಕ್ಕಿ ನೋಡುವ ಗೆಳೆಯನೊಬ್ಬ ಫೋನಿನಲ್ಲಿ ಹೇಳಿದ. ಪೆಟ್ಟಿಗೆ ದೇವರ ಕೋಣೆಯ ಪಕ್ಕದ ಉಗ್ರಾಣ ಸೇರಿತು.

ಗೆಳೆಯನಿಗೆ ಆಶ್ಚರ್ಯವೇ ಆಗಿರಲಿಲ್ಲ. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಲ್ಲಿ ಮುಂಗಾರಿನಲ್ಲಿ ಮರಿಮಾಡಿದ ನವರಂಗಗಳು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ದಕ್ಷಿಣಕ್ಕೂ ಶ್ರೀಲಂಕೆಗೂ ಇಳಿಯುತ್ತವೆ. ಹಾರುವುದು ರಾತ್ರಿ. ಬೆಳಗಾಗುವಾಗ ಸುಸ್ತಾಗಿ, ಊರಿನ ದೀಪಗಳಿಗೆ ದಿಕ್ಕುತಪ್ಪಿ, ಸಿಕ್ಕಿದಲ್ಲಿ ಇಳಿಯುತ್ತವೆ. ಕಾಡಿನ ತರಗೆಲೆಯ ನೆಲ ಹುಡುಕುವ ಹಕ್ಕಿಗೆ ಮದ್ರಾಸಿನಲ್ಲಿ ಸಿಗುವುದು ಕಾರ್ ಶೆಡ್ಡು, ಬಚ್ಚಲು, ಮೆಟ್ಟಿಲ ಸಂದಿ. ಪ್ರತಿ ವರ್ಷ ಈ ದಿನಗಳಲ್ಲಿ ಊರಿನ ಯಾವುದಾದರೊಂದು ಮೂಲೆಯಿಂದ ಯಾರಾದರೂ ಫೋನು ಮಾಡಿ “ಬಣ್ಣದ ಹಕ್ಕಿ ಬಂದಿದೆ” ಎನ್ನುತ್ತಾರಂತೆ. ಅಪಾರ್ಟ್‌ಮೆಂಟಿನ ವಾಚ್‌ಮನ್ನುಗಳಿಗೂ ಇದು ಗೊತ್ತು. ಅವರ ಬಾಯಲ್ಲಿ ಇದು ಆರುಮಣಿ ಕುರುವಿ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಎರಡು ಸ್ವರದ ಸಿಳ್ಳೆ ಹಾಕುವ ಹಕ್ಕಿ. ಕನ್ನಡದವರು ಬಣ್ಣ ನೋಡಿ ಹೆಸರಿಟ್ಟರು, ತಮಿಳರು ಗಡಿಯಾರ ನೋಡಿ. ಇನ್ನು ತೆಲುಗರು ಸುಮ್ಮನೆ ಹಕ್ಕಿ ಎಂದರು, ಅದೇ ಲೋಕಕ್ಕೆಲ್ಲ ಹೋಯಿತು.

ಆ ಕಥೆ ನಡೆದದ್ದು ಈ ಕಾರ್ನರಿನ ಮಗ್ಗುಲಲ್ಲೇ. 1700ರ ಹೊತ್ತಿಗೆ ಸೇಂಟ್ ಜಾರ್ಜ್ ಕೋಟೆಯಲ್ಲಿ ಎಡ್ವರ್ಡ್ ಬಕ್ಲಿ ಎಂಬ ಕಂಪನಿ ವೈದ್ಯ ಇದ್ದ. ಇಲ್ಲಿಯ ಗಿಡ, ಹಕ್ಕಿಗಳ ವಿವರ ಮತ್ತು ಚಿತ್ರಗಳನ್ನು ಲಂಡನ್ನಿನ ಔಷಧ ವ್ಯಾಪಾರಿ ಜೇಮ್ಸ್ ಪೆಟಿವರ್‌ಗೆ ಕಳಿಸುತ್ತಿದ್ದ. ಪೆಟಿವರ್ ಅದನ್ನೆಲ್ಲ ಒಂದು ಪಟ್ಟಿ ಮಾಡಿದ. 1713ರಲ್ಲಿ ಪ್ರಕಟವಾದ ಜಾನ್ ರೇಯ ಪಕ್ಷಿಗ್ರಂಥದ ಕೊನೆಗೆ ಆ ಮದ್ರಾಸ್ ಹಕ್ಕಿಗಳ ಪಟ್ಟಿ ಸೇರಿತು. ಅದರಲ್ಲಿ ನಮ್ಮ ನವರಂಗದ ಹೆಸರು ‘ಪೊನ್ನುಂಕಿ ಪಿಟ್ಟ’. ತೆಲುಗಿನಲ್ಲಿ ಪಿಟ್ಟ ಎಂದರೆ ಸಣ್ಣ ಹಕ್ಕಿ, ಅಷ್ಟೇ. ನೂರು ವರ್ಷ ಕಳೆದು, 1816ರಲ್ಲಿ, ವಿಯೆಯೋ ಎಂಬ ಫ್ರೆಂಚ್ ವಿದ್ವಾಂಸ ಇಡೀ ಕುಲಕ್ಕೇ ಪಿಟ್ಟ ಎಂದು ಹೆಸರಿಟ್ಟ. ಇಂದು ಆಫ್ರಿಕದಿಂದ ಆಸ್ಟ್ರೇಲಿಯದವರೆಗೆ ಈ ಬಳಗದ ಹಕ್ಕಿ ಕಂಡವರೆಲ್ಲ ಪಿಟ್ಟ ಎನ್ನುವುದು ಹಾಗಾಗಿ.

ಬಕ್ಲಿಗೆ ಆ ಹೆಸರು ಹೇಳಿದವರು ಯಾರು? ಪುಸ್ತಕದಲ್ಲಿ ಅವರಿಗೆ ಜಾಗ ಸಿಕ್ಕಿಲ್ಲ. ಆಗ ಕೋಟೆಯ ಉತ್ತರದ ಗೋಡೆಗೆ ತಾಗಿಕೊಂಡೇ ತೆಲುಗು, ತಮಿಳು ಜನರ ಊರಿತ್ತು. ಬ್ಲ್ಯಾಕ್ ಟೌನ್ ಎನ್ನುತ್ತಿದ್ದರು. ಫ್ರೆಂಚರ ಮುತ್ತಿಗೆಯ ನಂತರ ಇಂಗ್ಲಿಷರು ಆ ಊರನ್ನು ಕೆಡವಿ ಬಯಲು ಮಾಡಿದರು. ಬಯಲಿನ ಗಡಿಗೆ 1773ರಲ್ಲಿ ಕಂಬಗಳನ್ನು ನಿಲ್ಲಿಸಿದರು. ಉಳಿದಿರುವ ಒಂದೇ ಒಂದು ಕಂಬ ಪ್ಯಾರೀಸ್ ಕಾರ್ನರಿನ ಡೇರ್ ಹೌಸಿನ ಬಳಿ ಇದೆ. ಬಯಲಿನ ಮೇಲೆ 1892ರಲ್ಲಿ ಹೈಕೋರ್ಟಿನ ಕೆಂಪು ಕಟ್ಟಡ ಎದ್ದಿತು. ಕೆಡವಿದ ಆ ಊರಿನ ಯಾವುದೋ ತೊಟ್ಟಿಯಲ್ಲಿ, ಇಂಥದ್ದೇ ಪುರಟ್ಟಾಸಿಯ ಬೆಳಿಗ್ಗೆ, ಇದೇ ಹಕ್ಕಿ ಬಿದ್ದಿರಬೇಕು, ಯಾರೋ ಹೆಂಗಸು “ಪಿಟ್ಟ” ಎಂದಿರಬೇಕು. ಇದು ನನ್ನ ಕಲ್ಪನೆ. ಆದರೆ ಉಗ್ರಾಣದಲ್ಲಿ ಹಕ್ಕಿ ಇಟ್ಟುಕೊಂಡವನಿಗೆ ಇಷ್ಟು ಹಕ್ಕಿದೆ.

ಮಧ್ಯಾಹ್ನ ಇನ್ನೊಂದು ಪೇಚಾಟ. ಎಡೆ ಸಿದ್ಧವಾಗಿದೆ, ಕಾಗೆ ಮುಟ್ಟದೆ ನಾವು ಊಟಕ್ಕೆ ಕೂರುವಂತಿಲ್ಲ. ಬೆಳಿಗ್ಗೆ ಕಸಪೊರಕೆ ಬೀಸಿ ಓಡಿಸಿದ ಕಾಗೆಗಳನ್ನೇ ಈಗ ಕೈಮುಗಿದು ಕರೆಯಬೇಕು. ದೊಡ್ಡಮ್ಮ ಮಂಡಿನೋವಿನ ಕಾಲಿನಲ್ಲೇ ಎಡೆ ಹಿಡಿದು ತಾರಸಿ ಹತ್ತಿದರು. ತೊಟ್ಟಿಯ ಗೋಡೆಯ ಮೇಲೆ ಇಡುವ ಪದ್ಧತಿ ಅಂದು ಬದಲಾಯಿತು. “ಇಲ್ ಇಟ್ರೆ ಕಾಕಿಗೆ ಒಳಗಿನದ್ದರ ವಾಸ್ನಿ ಸಿಕ್ಕತ್ತ್,” ಎಂದರು. ಕಾಗೆಗಳು ಸಿಟ್ಟು ಮಾಡಿಕೊಂಡಿದ್ದವೋ ಏನೋ, ಇಪ್ಪತ್ತು ನಿಮಿಷ ಬರಲೇ ಇಲ್ಲ. ಕೊನೆಗೆ ಬಂದದ್ದು ಎಮ್ಡನ್. ವಡೆ ಎತ್ತಿಕೊಂಡಿತು, ಅನ್ನದ ಕಡೆ ನೋಡಲೂ ಇಲ್ಲ. “ಅವ್ರಿಗೂ ವಡೆ ಅಂದ್ರೆ ಪ್ರಾಣ,” ಎಂದು ದೊಡ್ಡಮ್ಮ ಕಣ್ಣು ಒರೆಸಿಕೊಂಡರು. ನಾನು ಆಕಾಶ ನೋಡಿದೆ.

ಸಂಜೆ ಐದೂ ಮುಕ್ಕಾಲಿಗೆ ಕಾಗೆಗಳು ಗೂಡಿನ ದಾರಿ ಹಿಡಿದ ಮೇಲೆ ಪೆಟ್ಟಿಗೆಯನ್ನು ತೊಟ್ಟಿಗೆ ತಂದು ಮುಚ್ಚಳ ತೆಗೆದೆವು. ಹಕ್ಕಿ ಕುಪ್ಪಳಿಸಿ ಹೊರಬಂತು. ಒಗೆಯುವ ಕಲ್ಲಿನ ಬುಡದ ಪಾಚಿಯಲ್ಲಿ ಕೊಕ್ಕಿನಿಂದ ಎರಡು ಸಲ ಕೆದಕಿತು, ಏನೋ ಸಿಕ್ಕಿತು, ನುಂಗಿತು. ಮೊಂಡು ಬಾಲವನ್ನು ಮೇಲೆ ಕೆಳಗೆ ನಿಧಾನವಾಗಿ ಆಡಿಸುತ್ತ ನಮ್ಮಿಬ್ಬರನ್ನೂ ಒಂದೊಂದು ಕಣ್ಣಿನಿಂದ ನೋಡಿತು. ದೂರದಲ್ಲಿ ಬಸ್ಸಿನ ಹಾರ್ನು, ಕಾಳಿಕಾಂಬಾಳ್ ಗುಡಿಯ ಕಡೆಯಿಂದ ನಾದಸ್ವರ. ನೀರಿನ ಡ್ರಮ್ಮಿಗೆ, ಅಲ್ಲಿಂದ ಗೋಡೆಯಂಚಿಗೆ, ಅಲ್ಲಿಂದ ರೆಕ್ಕೆಯ ಬಿಳಿ ಚುಕ್ಕೆ ಒಮ್ಮೆ ಮಿಂಚಿ ಹೈಕೋರ್ಟಿನ ಮರಗಳ ದಿಕ್ಕಿಗೆ. ಸಿಳ್ಳೆ ಹಾಕಲಿಲ್ಲ. ಗಡಿಯಾರ ನೋಡಿದೆ, ಆರಕ್ಕೆ ಎರಡು ನಿಮಿಷ ಇತ್ತು.

ಆಮೇಲೆ ಓದುತ್ತಿದ್ದಾಗ ಮತ್ತೊಂದು ತಮಾಷೆ ಸಿಕ್ಕಿತು. 1766ರಲ್ಲಿ ಲಿನೇಯಸ್ ಈ ಹಕ್ಕಿಗೆ ಶಾಸ್ತ್ರೀಯ ಹೆಸರು ಕೊಡುವಾಗ ಕಾಗೆಗಳ ಕುಲಕ್ಕೆ ಸೇರಿಸಿಬಿಟ್ಟಿದ್ದ. ಕೊರ್ವಸ್ ಬ್ರಾಕಿಯೂರಸ್, ಅಂದರೆ ಮೊಂಡುಬಾಲದ ಕಾಗೆ. ಐವತ್ತು ವರ್ಷ ಅದು ಕಾಗೆಯಾಗಿಯೇ ಇತ್ತು. ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ದೊಡ್ಡಮ್ಮ ಮಜ್ಜಿಗೆ ಬಡಿಸುತ್ತ, “ಕಾಕಿ ಜಾತಿಯಾ?” ಎಂದು ಕೇಳಿದರು. ಈಗ ಅಲ್ಲ, ಆಗ ಹಾಗೆ ಬರೆದಿದ್ದರು ಎಂದೆ. “ಹೂಂ,” ಎಂದು ಸುಮ್ಮನಾದರು.

ಮರುವರ್ಷ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21ಕ್ಕೇ ಬಂತು. ಭಾನುವಾರ. ಎಮ್ಡನ್ ತಾರಸಿಗೆ ಹೊತ್ತಿಗೆ ಸರಿಯಾಗಿ ಹಾಜರಾಗಿ ವಡೆ ಒಯ್ದಿತು. ಕೈ ತೊಳೆಯಲು ತೊಟ್ಟಿಗೆ ಇಳಿದರೆ ನೀಲಿ ಡ್ರಮ್ಮಿನ ಹಿಂದೆ, ಬಾಳೆಲೆಯ ಚೂರಿನ ಮೇಲೆ, ತುಪ್ಪ ಹಾಕಿದ ಇನ್ನೊಂದು ಅನ್ನದ ಉಂಡೆ. ಅದು ಹುಳ ತಿನ್ನುವ ಹಕ್ಕಿ, ಅನ್ನ ಮುಟ್ಟುವುದಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಅಳಿಲು ಬಂದು ಅರ್ಧ ಮುಗಿಸಿತ್ತು.