ಬರ–ನೆರೆಗಳನ್ನು ತಾಳುವ ಬೆಳೆ: ವಂಶವಾಹಿಗಳ ಪಾತ್ರ

ಮಳೆ ಕೈಕೊಟ್ಟರೆ ಜಗಳೂರಿನ ಖುಷ್ಕಿ ಹೊಲಗಳಲ್ಲಿ ಮೆಕ್ಕೆಜೋಳದ ಎಲೆ ಸುರುಳಿ ಸುತ್ತುತ್ತದೆ. ತುಂಗಭದ್ರೆ ಉಕ್ಕಿದರೆ ಹೊನ್ನಾಳಿಯ ನದಿದಂಡೆಯ ಗದ್ದೆ ಮುಳುಗುತ್ತದೆ. ಎರಡನ್ನೂ ಗಿಡ ನಿಂತಲ್ಲೇ ಎದುರಿಸಬೇಕು. ಇದಕ್ಕೆ ಬೇಕಾದ ಗುಣ ಬೀಜದಲ್ಲಿರುವ ವಂಶವಾಹಿಗಳಿಂದ ಬರುತ್ತದೆ.

ಗಿಡದ ಪ್ರತಿಯೊಂದು ಜೀವಕೋಶದಲ್ಲೂ ಸಾವಿರಾರು ವಂಶವಾಹಿಗಳಿವೆ. ಎಲ್ಲವೂ ಸದಾ ಕೆಲಸ ಮಾಡುವುದಿಲ್ಲ; ಕೆಲವು ಕಷ್ಟ ಬಂದಾಗ ಮಾತ್ರ ಎಚ್ಚರಗೊಳ್ಳುತ್ತವೆ. ಮಣ್ಣಿನ ತೇವ ಆರಿದಾಗ ಗಿಡದಲ್ಲಿ ಆಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ. ಅದು ಎಲೆಯ ರಂಧ್ರಗಳನ್ನು ಮುಚ್ಚಿಸಿ ನೀರನ್ನು ಉಳಿಸುತ್ತದೆ. ಜೀವಕೋಶಗಳನ್ನು ಕಾಪಾಡುವ ವಂಶವಾಹಿಗಳನ್ನೂ ಎಬ್ಬಿಸುತ್ತದೆ. ಆದರೆ ರಂಧ್ರ ಮುಚ್ಚಿದರೆ ಇಂಗಾಲಾಮ್ಲ ಅನಿಲ ಒಳಬರದೆ ಆಹಾರ ತಯಾರಿಕೆ ಕುಗ್ಗುತ್ತದೆ. ಹೀಗಾಗಿ ಗಿಡ ಉಳಿದರೂ ಇಳುವರಿ ತಗ್ಗುತ್ತದೆ.

ನೆರೆಯಲ್ಲಿ ಬೇಕಾದ ಗುಣವೇ ಬೇರೆ. ಮುಳುಗಿದ ಸಾಮಾನ್ಯ ಭತ್ತ ನೀರಿನ ಮೇಲೆ ಬರಲು ಬೇಗ ಬೇಗ ಉದ್ದವಾಗಿ, ಕೂಡಿಟ್ಟ ಸಕ್ಕರೆಯನ್ನೆಲ್ಲ ಮುಗಿಸಿಕೊಂಡು, ನೀರು ಇಳಿದಾಗ ಬಿದ್ದುಹೋಗುತ್ತದೆ. ಒಡಿಶಾ ಮೂಲದ ಎಫ್.ಆರ್. 13-ಎ ಭತ್ತದಲ್ಲಿ ವಿಜ್ಞಾನಿಗಳು 2006ರಲ್ಲಿ ಗುರುತಿಸಿದ ಸಬ್-1ಎ ವಂಶವಾಹಿ ಈ ಬೆಳವಣಿಗೆಯನ್ನು ತಡೆಹಿಡಿಯುತ್ತದೆ. ಇದನ್ನು ಸೇರಿಸಿದ ಸ್ವರ್ಣ-ಸಬ್ 1 ತಳಿ ಭಾರತದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಇದು ಸುಮಾರು ಎರಡು ವಾರದ ಮುಳುಗಡೆಯನ್ನು ತಾಳಬಲ್ಲದು.

ನೀರು ಸಾಲದ ಗದ್ದೆಗಳಿಗಾಗಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು 2007ರಲ್ಲಿ ಎಂ.ಎ.ಎಸ್. 946-1 ಏರೋಬಿಕ್ ಭತ್ತದ ತಳಿಯನ್ನು ಬಿಡುಗಡೆ ಮಾಡಿತು. ಉತ್ತಮ ಗುಣದ ವಂಶವಾಹಿಗಳ ಗುರುತು ಹಿಡಿದು ಈ ತಳಿಯನ್ನು ಆರಿಸಲಾಗಿದೆ. ಇದಕ್ಕೆ ಗದ್ದೆಯಲ್ಲಿ ನೀರು ನಿಲ್ಲಿಸಬೇಕಾಗಿಲ್ಲ. ಚನ್ನಗಿರಿ ಭಾಗದಲ್ಲಿ ನಾಲೆಯ ನೀರು ಸಾಲದ ರೈತರು ಮೊದಲು ಸ್ವಲ್ಪ ಜಾಗದಲ್ಲಿ ಬೆಳೆದು ನೋಡುವುದು ಒಳ್ಳೆಯದು.

ತಳಿಯ ಶಕ್ತಿಗೂ ಮಿತಿಯುಂಟು. ನ್ಯಾಮತಿ, ಜಗಳೂರು ಕಡೆಯ ಮೆಕ್ಕೆಜೋಳಕ್ಕೆ ಹೂ ಬಿಡುವ ಕಾಲವೇ ಗಂಡಾಂತರದ ಕಾಲ. ಆಗ ತೇವ ಸಾಲದಿದ್ದರೆ ತೆನೆಯ ರೇಷ್ಮೆ ತಡವಾಗಿ ಹೊರಬರುತ್ತದೆ. ಅಷ್ಟರಲ್ಲಿ ಗಂಡು ಹೂವಿನ ಪರಾಗ ಉದುರಿ ಮುಗಿದಿರುತ್ತದೆ. ಗಿಡ ಹಸಿರಾಗಿಯೇ ಇದ್ದರೂ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ.

ಆದುದರಿಂದ ರೈತ ಬಾಂಧವರು ಕೆಳಗಿನ ಅಂಶಗಳನ್ನು ಗಮನಿಸಬೇಕು:

1. ನಿಮ್ಮ ಭೂಮಿಗೆ ಪ್ರತಿ ವರ್ಷ ಕಾಡುವುದು ಬರವೋ ನೆರೆಯೋ ಎಂದು ತಿಳಿದು ತಳಿ ಆರಿಸಿರಿ. ಬರ ತಾಳುವ ತಳಿ ನೆರೆಯನ್ನೂ ತಾಳೀತೆಂದು ನಂಬಬೇಡಿ.

2. ಕೃಷಿಹೊಂಡದ ನೀರನ್ನು ಮೆಕ್ಕೆಜೋಳ ಹೂ ಬಿಡುವ ಹಂತಕ್ಕೆ ಉಳಿಸಿಕೊಳ್ಳಿರಿ.

3. ಬೀಜ ಕೊಳ್ಳುವ ಮುನ್ನ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ತಳಿ ಗಿಡದ ಜೀವ ಉಳಿಸೀತು. ಕಾಳು ತುಂಬಲು ಹದವರಿತ ಬೇಸಾಯವೂ ಬೇಕು.