ಕಣಗಿಲೆ ಗಿಡ ಎಲ್ಲಿ ನೆಡೋಣ?

ಕಣಗಿಲೆ ಹೂವು ನಮಗೆಲ್ಲ ಗೊತ್ತು. ಗುಲಾಬಿ ಬಣ್ಣದ್ದು ಇದೆ, ಬಿಳಿಯದು ಇದೆ, ಕೆಂಪು ಇದೆ. ದೇವರ ಪೂಜೆಗೆ ಬೇಕು. ಹಿತ್ತಲೆಲ್ಲ ಒಣಗಿದಾಗಲೂ ಕಣಗಿಲೆ ಹೂ ಬಿಡುತ್ತದೆ.

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ 'ಣ' ಅಕ್ಷರ ಕಲಿಯುತ್ತಿದ್ದೆವು. ಹಲಗೆ ಮೇಲೆ 'ಕಣಗಿಲೆ' ಎಂದು ಬರೆದೆವು. ಹಿಂದೆ ಕೂತಿದ್ದ ಅಕ್ಕ ಒಬ್ಬರು ಹೇಳಿದರು: "ಟೀಚರಮ್ಮ, ಆ ಗಿಡ ನನ್ನ ಕಡಸನ್ನ ಕೊಂದು ಹಾಕ್ತು."

ಆದದ್ದು ಇಷ್ಟು. ಅಕ್ಕನ ಮನೆ ಬೇಲಿಯಲ್ಲಿ ಕಣಗಿಲೆ ಇತ್ತು. ಕೊಂಬೆ ಕಡಿದು ಹುಲ್ಲಿನ ಬಣವೆ ಪಕ್ಕ ಹಾಕಿದ್ದರು. ಎಲೆ ಒಣಗಿ ಹುಲ್ಲಿನ ಜೊತೆ ಸೇರಿತು. ಹುಲ್ಲಿನ ಜೊತೆ ಗೋದಲಿಗೂ ಹೋಯಿತು. ರಾತ್ರಿಯೆಲ್ಲ ಕಡಸು ಒದ್ದಾಡಿತು. ಬೆಳಗಾಗುವಷ್ಟರಲ್ಲಿ ಸತ್ತಿತ್ತು. ಸಂಘದ ಸಾಲ ಇನ್ನೂ ತೀರಿರಲಿಲ್ಲ.

ಕಣಗಿಲೆಯ ಎಲೆ, ಹೂವು, ಕೊಂಬೆ, ಬೇರು ಎಲ್ಲವೂ ವಿಷ. ಈ ವಿಷ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಹಸಿ ಎಲೆ ಬಲು ಕಹಿ. ದನ, ಆಡು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಅದಕ್ಕೇ ನಾವು ಬೇಲಿಗೆ ಹಾಕೋದು. ಒಣಗಿದ ಮೇಲೆ ಕಹಿ ಕಡಿಮೆ ಆಗುತ್ತದೆ, ವಿಷ ಹೋಗುವುದಿಲ್ಲ. ಮೋಸ ಇರೋದು ಇಲ್ಲೇ.

ಹಾಗಾದರೆ ಗಿಡ ಕಿತ್ತು ಹಾಕಬೇಕಾ? ಅವತ್ತು ಪಾಠ ನಿಂತು ಇದೇ ಚರ್ಚೆ ಆಯಿತು. ಬೇಡ ಅಂತ ನಮ್ಮ ಅಭಿಪ್ರಾಯ. ನೀರಿಲ್ಲದ ಊರಿನಲ್ಲಿ ಇಂಥ ಇನ್ನೊಂದು ಹೂಗಿಡ ಸಿಗೋದು ಕಷ್ಟ.

ನೀರಿಲ್ಲದೆ ಇದು ಹೇಗೆ ಬದುಕುತ್ತದೆ? ಕಣಗಿಲೆ ನಮ್ಮಲ್ಲಿ ಮಾತ್ರ ಇರುವ ಗಿಡ ಅಲ್ಲ. ದೂರದಲ್ಲಿ ಮೆಡಿಟರೇನಿಯನ್ ಅಂತ ಒಂದು ಸಮುದ್ರ ಇದೆ. ಅದರ ಸುತ್ತ ಸ್ಪೇನ್, ಇಟಲಿ, ಗ್ರೀಸ್, ಮೊರಾಕೊ ದೇಶಗಳಿವೆ. ಅಲ್ಲೂ ಕಣಗಿಲೆ ತಾನಾಗಿ ಬೆಳೆಯುತ್ತದೆ. ಅಲ್ಲಿ ಮಳೆ ಬರೋದು ಚಳಿಗಾಲದಲ್ಲಿ. ಬೇಸಿಗೆ ಪೂರಾ ಒಣ. ಹಳ್ಳಗಳು ಬತ್ತುತ್ತವೆ. ಬತ್ತಿದ ಹಳ್ಳದ ಕಲ್ಲುಗಳ ನಡುವೆ ಕಣಗಿಲೆ ಹೂ ಬಿಟ್ಟು ನಿಂತಿರುತ್ತದೆ. ಅದರ ಬೇರು ಆಳಕ್ಕೆ ಇಳಿದು ತೇವ ಹುಡುಕುತ್ತದೆ.

ಎಲೆಯನ್ನು ನೋಡಿ. ದಪ್ಪ, ಮೇಣ ಸವರಿದ ಹಾಗೆ ಇದೆ. ಎಲ್ಲ ಗಿಡದ ಎಲೆಗೂ ಉಸಿರಾಡುವ ಸಣ್ಣ ತೂತುಗಳಿವೆ. ಅವು ಕಣ್ಣಿಗೆ ಕಾಣೋದಿಲ್ಲ. ಎಲೆಯ ನೀರು ಆವಿಯಾಗಿ ಹೋಗೋದು ಹೆಚ್ಚಾಗಿ ಆ ತೂತುಗಳಿಂದ. ಕಣಗಿಲೆಯಲ್ಲಿ ಅವು ಎಲೆಯ ಕೆಳಭಾಗದಲ್ಲಿ, ಸಣ್ಣ ಗುಳಿಗಳ ಒಳಗೆ ಅಡಗಿವೆ. ಗುಳಿಯೊಳಗೆ ನವಿರಾದ ಕೂದಲು ಬೇರೆ. ಬಿಸಿಗಾಳಿ ನೇರ ತಾಗೋದಿಲ್ಲ. ಬಿಸಿಲಿಗೆ ಹೋಗುವಾಗ ನಾವು ತಲೆಗೆ ಸೆರಗು ಹೊದೆಯೋದಿಲ್ಲವೇ, ಹಾಗೆ.

ನೆಡೋದು ಸುಲಭ. ಮಳೆ ಹಿಡಿದ ಮೇಲೆ ಬಲಿತ ಕೊಂಬೆಯಿಂದ ಗೇಣುದ್ದದ ಕಡ್ಡಿ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಅರ್ಧ ಕಡ್ಡಿ ಮಣ್ಣಿನೊಳಗೆ ಇಳಿಸಿ. ನೀರು ನಿಲ್ಲುವ ಜಾಗ ಬೇಡ. ಬಿಸಿಲು ಚೆನ್ನಾಗಿ ಬೀಳಬೇಕು. ನೆರಳಿನಲ್ಲಿ ಗಿಡ ಬೆಳೆದೀತು, ಹೂ ಕಡಿಮೆ. ಮೊದಲ ಬೇಸಿಗೆಗೆ ಮಾತ್ರ ಆಗಾಗ ಒಂದು ಬಿಂದಿಗೆ ನೀರು ಹಾಕಿ. ಹೂ ಬರೋದು ಹೊಸ ಚಿಗುರಿನ ತುದಿಯಲ್ಲಿ. ಅದಕ್ಕೆ ಹೂ ಮುಗಿದ ಮೇಲೆ ಕೊಂಬೆ ಸವರಬೇಕು. ಚಿಗುರಿಗೆ ಹಳದಿ ಹೇನು ಮುತ್ತಿದರೆ ನೀರು ಜೋರಾಗಿ ಎರಚಿದರೆ ಸಾಕು.

ಈಗ ಜಾಗದ ಮಾತು. ಕೊಟ್ಟಿಗೆ ಹತ್ತಿರ ಬೇಡ. ಬಣವೆ ಹತ್ತಿರ, ಬಾವಿ ಹತ್ತಿರ, ದನದ ನೀರಿನ ತೊಟ್ಟಿ ಹತ್ತಿರ ಬೇಡ. ಮಕ್ಕಳು ಆಡುವ ಕಡೆ, ಅಂಗನವಾಡಿ ಅಂಗಳದಲ್ಲಿ ಖಂಡಿತ ಬೇಡ. ರಸ್ತೆ ಕಡೆಯ ಬೇಲಿ ಒಳ್ಳೆಯ ಜಾಗ. ಕಡಿದ ಕೊಂಬೆಯನ್ನು ಅಲ್ಲೇ ಬಿಡದೆ ಗುಂಡಿ ತೋಡಿ ಮುಚ್ಚಿ. ಒಲೆಗೆ ಹಾಕಬೇಡಿ, ಹೊಗೆಯೂ ಕೆಟ್ಟದ್ದು. ಹಲ್ಲುಜ್ಜುವ ಕಡ್ಡಿಯಾಗಿ ಯಾರೂ ಬಳಸಬಾರದು. ಹೂ ಕಿತ್ತ ಮೇಲೆ ಕೈ ತೊಳೆಯಿರಿ.

ಹೂವನ್ನು ದೇವರಿಗೆ ಏರಿಸಬಹುದಾ ಅಂತ ಕೇಂದ್ರದಲ್ಲಿ ಕೇಳಿದರು. ಏರಿಸಬಹುದು. ಆದರೆ ತೀರ್ಥದ ಬಟ್ಟಲಿಗೆ, ಪ್ರಸಾದಕ್ಕೆ ಬೀಳಬಾರದು. ಕೇರಳದಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿ 2024ರ ಮೇ ತಿಂಗಳಲ್ಲಿ ತನ್ನ ದೇವಸ್ಥಾನಗಳ ನೈವೇದ್ಯ, ಪ್ರಸಾದಕ್ಕೆ ಈ ಹೂ ಬೇಡ ಎಂದು ತೀರ್ಮಾನಿಸಿತು. ಅಲ್ಲಿ ಕಣಗಿಲೆಗೆ ಅರಳಿ ಅಂತಾರೆ. ನಮ್ಮ ಅರಳಿ ಮರವೇ ಬೇರೆ.

ಮಗು ಎಲೆಯನ್ನೋ ಹೂವನ್ನೋ ತಿಂದರೆ? ವಾಂತಿ, ಹೊಟ್ಟೆ ನೋವು ಬರಬಹುದು. ನಾಡಿ ತಪ್ಪಬಹುದು. ಅದು ಕಾಣುವ ತನಕ ಕಾಯಬೇಡಿ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ. ಡಾಕ್ಟರಿಗೆ ತೋರಿಸಲು ಒಂದು ಎಲೆ ಜೊತೆಗಿರಲಿ.

ನಮ್ಮ ಅಕ್ಕ ಗಿಡ ಕೀಳಲಿಲ್ಲ. ಬಣವೆಯನ್ನೇ ದೂರ ಸರಿಸಿದರು. ಬೇಲಿಗೆ ಒಂದು ಹಲಗೆ ಕಟ್ಟಿದ್ದಾರೆ. 'ಕಣಗಿಲೆ. ವಿಷ.' ಅಂತ ತಾವೇ ಬರೆದದ್ದು.