ಚಿಪ್ ಕೊಡುವ ಶಕ್ತಿ ಎಲ್ಲಿಂದ ಬರುತ್ತದೆ?

ಅಮೆರಿಕದಲ್ಲಿ ಪಿಕಪ್ ಟ್ರಕ್ ಹೊಲ, ಗದ್ದೆ, ಕಟ್ಟಡದ ಕೆಲಸಗಳಿಗಷ್ಟೇ ಸೀಮಿತವಾದ ಗಾಡಿಯಲ್ಲ. ವಾರದ ಐದು ದಿನ ಆಫೀಸಿಗೆ ಒಯ್ಯುವ ಅದೇ ಗಾಡಿ ಶನಿವಾರ ದೋಣಿಯನ್ನೋ ಕುದುರೆಗಳ ಟ್ರೇಲರನ್ನೋ ಎಳೆಯಬೇಕು. ಹೀಗೆ ಎಳೆಯುವವರಿಗೆ ಇನ್ನೊಂದಿಷ್ಟು ಬಲ ಇದ್ದಿದ್ದರೆ ಎನ್ನಿಸುವುದು ಸಹಜ. ಈ ಆಸೆಯನ್ನೇ ನೆಚ್ಚಿಕೊಂಡು ಅಲ್ಲಿ ಚಿಪ್, ಟ್ಯೂನರ್, ಪ್ರೋಗ್ರಾಮರ್ ಎಂಬ ಹೆಸರುಗಳಲ್ಲಿ ದೊಡ್ಡ ಮಾರುಕಟ್ಟೆಯೇ ಬೆಳೆದಿದೆ. ಅದರ ಜೊತೆಗೇ ಬೆಳೆದ ನಂಬಿಕೆಗಳೂ ಇವೆ: ಕಂಪನಿ ಬೇಕೆಂದೇ ಎಂಜಿನ್ನಿನ ಶಕ್ತಿಯನ್ನು ಕಟ್ಟಿಹಾಕಿದೆ, ಚಿಪ್ ಅದನ್ನು ಬಿಡಿಸುತ್ತದೆ, ಶಕ್ತಿಯ ಜೊತೆ ಮೈಲೇಜೂ ಹೆಚ್ಚುತ್ತದೆ, ವಾರಂಟಿಗೆ ಕಾನೂನಿನ ರಕ್ಷಣೆ ಇದೆ, ಸರ್ವಿಸ್‌ಗೆ ಬಿಡುವ ಮುನ್ನ ಹಳೆಯ ಪ್ರೋಗ್ರಾಂ ಹಾಕಿಬಿಟ್ಟರೆ ಯಾರಿಗೂ ಗೊತ್ತಾಗದು. ಒಂದೊಂದರಲ್ಲೂ ಸತ್ಯದ ಎಳೆ ಇರುವುದರಿಂದ ಸಾರಾಸಗಟಾಗಿ ತಳ್ಳಿಹಾಕಿದರೆ ಯಾರೂ ಒಪ್ಪುವುದಿಲ್ಲ. ಎಲ್ಲದಕ್ಕೂ ಒಂದೇ ಪ್ರಶ್ನೆ ಹಾಕಿ ನೋಡುವುದು ಮೇಲು: ಹೊಸದಾಗಿ ಬಂದದ್ದು ಎಲ್ಲಿಂದ ಬಂತು?

ಎಂಜಿನ್ನಿನಲ್ಲಿ ಶಕ್ತಿ ಹುಟ್ಟುವುದು ಇಂಧನ ಗಾಳಿಯೊಡನೆ ಉರಿದಾಗ. ಎಷ್ಟು ಇಂಧನ, ಯಾವ ಗಳಿಗೆಯಲ್ಲಿ, ಟರ್ಬೊ ಎಷ್ಟು ಒತ್ತಡದಲ್ಲಿ ಗಾಳಿ ತುಂಬಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಹಿಂದೆ ಅದರೊಳಗಿನ ಮೆಮೊರಿ ಚಿಪ್ಪನ್ನೇ ಕಿತ್ತು ಬೇರೆಯದನ್ನು ಕೂರಿಸುತ್ತಿದ್ದರು; ಫೋರ್ಡ್‌ನ 7.3 ಲೀಟರ್ ಪವರ್ ಸ್ಟ್ರೋಕ್ ಡೀಸೆಲ್ ಎಂಜಿನ್ನಿನ ಕಾಲದಲ್ಲಿ ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ ಚಿಪ್ಪುಗಳಿದ್ದವು. ಈಗ ಸ್ಟಿಯರಿಂಗ್ ಕೆಳಗಿನ ಓಬಿಡಿ ಪೋರ್ಟಿನ ಮೂಲಕ ಪ್ರೋಗ್ರಾಮನ್ನೇ ತಿದ್ದುತ್ತಾರೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನಲ್ಲಿ ಈ ತಿದ್ದುಪಡಿಗೆ ಜಾಗ ಬಹಳ ಕಡಿಮೆ. ಸಿಲಿಂಡರು ಎಳೆದುಕೊಳ್ಳುವ ಗಾಳಿ ಇಂತಿಷ್ಟೇ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಎಂಬ ಲೆಕ್ಕವನ್ನು ಆಕ್ಸಿಜನ್ ಸೆನ್ಸರ್ ಕ್ಷಣಕ್ಷಣಕ್ಕೂ ಕಾಯುತ್ತಿರುತ್ತದೆ. ಡೀಸೆಲ್ಲಿನ ಕತೆ ಬೇರೆ. ಅಲ್ಲಿ ಗಾಳಿ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ, ಶಕ್ತಿಯ ಅಳತೆ ನಡೆಯುವುದು ಇಂಧನದಿಂದ. ಹಾಗಾಗಿ ಟರ್ಬೊ ಡೀಸೆಲ್ ಪಿಕಪ್ಪಿಗೆ ಒಳ್ಳೆಯ ಟ್ಯೂನ್ ಹಾಕಿದರೆ ಎಳೆತ ನಿಜವಾಗಿಯೂ ಏರುತ್ತದೆ. ಚಿಪ್ ಎಲ್ಲವೂ ಮೋಸ ಎನ್ನುವವರು ಇಲ್ಲಿ ಸೋಲುತ್ತಾರೆ.

ಆದರೆ ಆ ಹೆಸರಿನಲ್ಲಿ ಮಾರಾಟವಾಗುವ ಶುದ್ಧ ಮೋಸವೂ ಇದೆ. ಆನ್‌ಲೈನಿನಲ್ಲಿ ಕೆಲವೇ ಡಾಲರಿಗೆ ಸಿಗುವ, ಓಬಿಡಿ ಪೋರ್ಟಿಗೆ ಸಿಕ್ಕಿಸುವ ಡಬ್ಬಿಗಳನ್ನು ಬಿಚ್ಚಿ ನೋಡಿದವರಿಗೆ ಕಂಡದ್ದು ಮಿನುಗುವ ದೀಪಗಳು ಮತ್ತು ಅವನ್ನು ಮಿನುಗಿಸಲಷ್ಟೇ ಸಾಕಾಗುವ ಸರ್ಕೀಟು. ಇನ್ನೊಂದು ಬಗೆಯದು ಗಾಳಿಯ ಉಷ್ಣತೆ ಅಳೆಯುವ ಸೆನ್ಸರಿನ ತಂತಿಗೆ ಸೇರಿಸುವ ಒಂದು ರೆಸಿಸ್ಟರ್. ಹೊರಗಿನ ಗಾಳಿ ತಣ್ಣಗಿದೆ ಎಂದು ಎಂಜಿನ್ನಿಗೆ ಸುಳ್ಳು ಹೇಳುವುದಷ್ಟೇ ಅದರ ಕೆಲಸ. ಆಕ್ಸಿಜನ್ ಸೆನ್ಸರ್ ಆ ಸುಳ್ಳನ್ನು ಬಹುಮಟ್ಟಿಗೆ ಸರಿಪಡಿಸಿಬಿಡುತ್ತದೆ. ಆಕ್ಸಿಲರೇಟರಿನ ವೈರಿಗೆ ಜೋಡಿಸುವ ಥ್ರಾಟಲ್ ಬೂಸ್ಟರ್ ಇವೆರಡಕ್ಕಿಂತ ಜಾಣತನದ್ದು. ಪೆಡಲನ್ನು ಕಾಲು ಭಾಗ ತುಳಿದರೆ ಅರ್ಧ ತುಳಿದಂತೆ ಅದು ಸಂಕೇತ ಕಳಿಸುತ್ತದೆ. ಗಾಡಿ ಚುರುಕಾಯಿತು ಎಂದು ಓಡಿಸುವವರಿಗೆ ಅನ್ನಿಸುತ್ತದೆ, ಹಾಗೆ ಅನ್ನಿಸುವುದು ಸುಳ್ಳೂ ಅಲ್ಲ. ಆದರೆ ಪೂರ್ತಿ ತುಳಿದಾಗ ಸಿಗುವ ಶಕ್ತಿ ಮೊದಲಿನಷ್ಟೇ. ಶೇಕಡ ನೂರಕ್ಕಿಂತ ಹೆಚ್ಚು ತೆರೆಯುವ ಥ್ರಾಟಲ್ ಎಲ್ಲೂ ಇಲ್ಲ.

ಕಂಪನಿ ಶಕ್ತಿಯನ್ನು ಉಳಿಸಿಕೊಂಡಿದೆ ಎಂಬ ವಾದಕ್ಕೆ ಬರೋಣ. ಹೌದು, ಉಳಿಸಿಕೊಂಡಿರುತ್ತದೆ. ಯಾಕೆ ಎಂಬುದಕ್ಕೆ ಒಂದು ಸಾಕ್ಷಿ ಟೊಯೊಟಾ ಕಾರ್ಖಾನೆ ಇರುವ ನಮ್ಮ ಬಿಡದಿಯಲ್ಲೇ ಇದೆ. ಟೊಯೊಟಾ 2022ರಲ್ಲಿ ಭಾರತಕ್ಕೆ ತಂದ ಹೈಲಕ್ಸ್ ಪಿಕಪ್ಪಿನ 2.8 ಲೀಟರ್ ಡೀಸೆಲ್ ಎಂಜಿನ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಗಾಡಿಯಲ್ಲಿ 500 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ, ಮ್ಯಾನುಯಲ್ ಗಾಡಿಯಲ್ಲಿ 420 ಮಾತ್ರ. ಎಂಜಿನ್ ಅದೇ, ಗರಿಷ್ಠ ಶಕ್ತಿಯೂ ಅದೇ 204 ಪಿಎಸ್. ಎಂಜಿನ್ನಿಗೆ 500 ಕೊಡುವ ತಾಕತ್ತಿದ್ದರೂ ಮ್ಯಾನುಯಲ್ ಗಾಡಿಯಲ್ಲಿ ಅಷ್ಟನ್ನು ಬಿಟ್ಟುಕೊಟ್ಟಿಲ್ಲ, ಏಕೆಂದರೆ ಎಂಜಿನ್ನಿನಿಂದ ಹೊರಟದ್ದನ್ನೆಲ್ಲ ಚಕ್ರ ಮುಟ್ಟುವ ತನಕ ಹೊರಬೇಕಾದವು ಕ್ಲಚ್ ಮತ್ತು ಗೇರುಗಳು. ಕಂಪನಿಯ ಮಿತಿ ಎಂಬುದು ಎಂಜಿನ್ನಿನ ಒಂದು ಅಂಕಿಯಲ್ಲ; ಗೇರ್‌ಬಾಕ್ಸ್, ರೇಡಿಯೇಟರ್, ಟರ್ಬೊ, ಬೇಸಿಗೆಯ ಘಾಟ್ ರಸ್ತೆ, ಕಳಪೆ ಇಂಧನ, ವಾರಂಟಿಯ ವರ್ಷಗಳು ಎಲ್ಲವನ್ನೂ ಸೇರಿಸಿ ಹಾಕಿದ ಲೆಕ್ಕ. ಟ್ಯೂನರ್ ಮುಟ್ಟುವುದು ಆ ಮೀಸಲನ್ನು. ಬೀಜಕ್ಕೆಂದು ಎತ್ತಿಟ್ಟ ಭತ್ತವನ್ನು ಕುಟ್ಟಿ ಈ ವರ್ಷ ಅಕ್ಕಿ ಹೆಚ್ಚಾಯಿತು ಎಂದ ಹಾಗೆ. ಖಾಲಿ ಗಾಡಿಯನ್ನು ಅಪರೂಪಕ್ಕೊಮ್ಮೆ ಜೋರಾಗಿ ಓಡಿಸುವವರಿಗೆ ಇದರಿಂದ ಏನೂ ಆಗದಿರಬಹುದು. ಐದು ಟನ್ ಟ್ರೇಲರ್ ಕಟ್ಟಿಕೊಂಡು ಕೊಲೊರಾಡೊದ ಬೆಟ್ಟ ಹತ್ತುವಾಗ ಹೆಚ್ಚಿನ ಡೀಸೆಲ್ ನಿಮಿಷಗಟ್ಟಲೆ ಉರಿಯುತ್ತದೆ, ಟರ್ಬೊದತ್ತ ಹೊರಟ ಹೊಗೆಯ ಶಾಖ ಏರುತ್ತಲೇ ಹೋಗುತ್ತದೆ. ಪಿಸ್ಟನ್ನಿನ ಅಲ್ಯೂಮಿನಿಯಂ ಸೋಲುವುದು, ಗೇರ್‌ಬಾಕ್ಸಿನ ಎಣ್ಣೆ ಸುಡುವುದು ಅಲ್ಲಿ. ಯಾರು ಬಲ ಬೇಕೆಂದು ಟ್ಯೂನ್ ಮಾಡಿಸುತ್ತಾರೋ ಅವರಿಗೇ ಅದರ ಅಪಾಯ ಹೆಚ್ಚು.

ಇದಕ್ಕೆ ಎದುರಾಗಿ ಟ್ಯೂನಿನ ಪರ ವಾದಿಸುವವರು ಫೋರ್ಡ್ ಕಂಪನಿಯೇ ತನ್ನ ಫೋರ್ಡ್ ಪರ್ಫಾರ್ಮೆನ್ಸ್ ವಿಭಾಗದಿಂದ ರೇಂಜರ್ ಪಿಕಪ್ಪಿಗೆ ಟ್ಯೂನ್ ಮಾರಿದ್ದನ್ನು ತೋರಿಸುತ್ತಾರೆ. 2.3 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ 270ರಿಂದ 315 ಅಶ್ವಶಕ್ತಿಗೆ ಏರಿತು, ವಾರಂಟಿಯೂ ಇತ್ತು. ಒಳ್ಳೆಯ ಉದಾಹರಣೆಯೇ. ಆದರೆ ಆ ಅಂಕಿ ಬರಬೇಕಾದರೆ ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲ್ ಹಾಕಬೇಕು, ಮತ್ತು ಆ ಮೀಸಲು ಎಷ್ಟಿದೆ ಎಂದು ಬಲ್ಲವರೇ ಅದನ್ನು ಅಳೆದು ಕೊಟ್ಟದ್ದು. ಬೇರೆಯವರ ಟ್ಯೂನಿಗೆ ಈ ಎರಡನೆಯ ಅನುಕೂಲ ಇರುವುದಿಲ್ಲ.

ಮೈಲೇಜಿನ ನಂಬಿಕೆ ಇನ್ನೂ ಗಟ್ಟಿ, ಏಕೆಂದರೆ ಜನ ಅದನ್ನು ಡ್ಯಾಶ್‌ಬೋರ್ಡಿನ ಅಂಕಿಯಲ್ಲೇ ಕಂಡಿರುತ್ತಾರೆ. ಆ ಅಂಕಿಯನ್ನೇ ಸ್ವಲ್ಪ ವಿಚಾರಿಸಬೇಕು. ಗಾಡಿ ಇಂಧನವನ್ನು ನೇರವಾಗಿ ಅಳೆಯುವುದಿಲ್ಲ; ಇಂಜೆಕ್ಟರಿಗೆ ತಾನು ಕೊಟ್ಟ ಆದೇಶದಿಂದ ಲೆಕ್ಕ ಹಾಕುತ್ತದೆ. ಡೀಸೆಲ್ಲಿಗೆ ಹಾಕುವ ಎಷ್ಟೋ ಟ್ಯೂನಿಂಗ್ ಡಬ್ಬಿಗಳು ಕೆಲಸ ಮಾಡುವುದು ಇಂಧನದ ಒತ್ತಡ ಇರುವುದಕ್ಕಿಂತ ಕಡಿಮೆ ಇದೆ ಎಂದು ಕಂಪ್ಯೂಟರನ್ನು ನಂಬಿಸಿ. ಅದು ಒತ್ತಡ ಏರಿಸುತ್ತದೆ, ಒಳಗೆ ಹೋಗುವ ಡೀಸೆಲ್ ಹೆಚ್ಚುತ್ತದೆ, ಆದರೆ ಲೆಕ್ಕದ ಪುಸ್ತಕದಲ್ಲಿ ಹಳೆಯ ಪ್ರಮಾಣವೇ ಬರೆದಿರುತ್ತದೆ. ಹೀಗೆ ಹೆಚ್ಚು ಕುಡಿಯುತ್ತಿರುವ ಗಾಡಿ ಕಡಿಮೆ ಕುಡಿದಂತೆ ಪರದೆಯ ಮೇಲೆ ಕಾಣುತ್ತದೆ. ನಂಬಬೇಕಾದ್ದು ಬಂಕಿನ ಬಿಲ್ಲು ಮತ್ತು ಓಡಿದ ದೂರವನ್ನು, ಅದೂ ಹಲವು ಟ್ಯಾಂಕುಗಳ ಸರಾಸರಿಯನ್ನು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಇಂಧನ ಉಳಿಸುತ್ತೇವೆ ಎಂದು ಹೇಳಿಕೊಂಡ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಮೈಲೇಜನ್ನು ಗಣನೀಯವಾಗಿ ಹೆಚ್ಚಿಸಿದ್ದು ಒಂದೂ ಸಿಗಲಿಲ್ಲ. ಹೊಸ ಟ್ಯೂನ್ ಹಾಕಿಸಿದ ಮೇಲೆ ಅಂಕಿ ನೋಡುತ್ತ ಹಗುರವಾಗಿ ಓಡಿಸುವವರೂ ಇರುತ್ತಾರೆ. ಆ ಉಳಿತಾಯ ನಿಜ, ಆದರೆ ಅದು ಕಾಲಿನದು.

ವಾರಂಟಿಯ ವಿಷಯದಲ್ಲಿ ಕಾನೂನನ್ನು ಉದ್ಧರಿಸುವವರು ಅರ್ಧ ಓದಿರುತ್ತಾರೆ. ಅಮೆರಿಕದ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆಯ ಪ್ರಕಾರ ಹೊರಗಿನ ಬಿಡಿಭಾಗ ಹಾಕಿದ್ದಾರೆ ಎಂಬ ಒಂದೇ ಕಾರಣಕ್ಕೆ ಕಂಪನಿ ವಾರಂಟಿ ರದ್ದು ಮಾಡುವಂತಿಲ್ಲ. ಟ್ಯೂನ್ ಮಾಡಿಸಿದ ಗಾಡಿಯ ಕಿಟಕಿಯ ಮೋಟಾರು ಕೆಟ್ಟರೆ ರಿಪೇರಿ ಮಾಡಿಕೊಡಲೇಬೇಕು. ಆದರೆ ಕೆಟ್ಟದ್ದು ಆ ಭಾಗದಿಂದಲೇ ಎಂದು ತೋರಿಸಿದರೆ ನಿರಾಕರಿಸಬಹುದು, ಮತ್ತು ಟಾರ್ಕ್ ಏರಿಸಿದ ಗಾಡಿಯಲ್ಲಿ ಕ್ಲಚ್ಚು, ಟರ್ಬೊ, ಪಿಸ್ಟನ್ ಹೋದರೆ ತೋರಿಸುವುದು ಕಷ್ಟವಲ್ಲ. ಹಳೆಯ ಪ್ರೋಗ್ರಾಂ ಮರಳಿ ಹಾಕಿ ಜಾಡು ಮುಚ್ಚುವ ಉಪಾಯವೂ ಹಳತಾಗಿದೆ. ಇಸಿಯು ತನ್ನ ಪ್ರೋಗ್ರಾಮಿಗೆ ಒಂದು ಪರಿಶೀಲನಾ ಸಂಖ್ಯೆ ಇಟ್ಟುಕೊಂಡಿರುತ್ತದೆ, ಎಷ್ಟು ಸಲ ಬರೆಯಲಾಗಿದೆ ಎಂಬ ಎಣಿಕೆಯನ್ನೂ ಹಲವು ಇಸಿಯುಗಳು ಇಡುತ್ತವೆ. ಡ್ಯುರಾಮ್ಯಾಕ್ಸ್ ಡೀಸೆಲ್ ಎಂಜಿನ್ನುಗಳ ವಿಷಯದಲ್ಲಿ ಆ ಸಂಖ್ಯೆಯನ್ನು ತಾಳೆ ನೋಡುವಂತೆ ಜನರಲ್ ಮೋಟರ್ಸ್ ತನ್ನ ಡೀಲರುಗಳಿಗೆ ಲಿಖಿತ ಸೂಚನೆಯನ್ನೇ ಕೊಟ್ಟಿದೆ.

ಇಲ್ಲಿಯವರೆಗೆ ಬೆಲೆ ತೆರುವವರು ಮಾಲೀಕರೇ. ಎಂಜಿನ್ ಸಲೀಸಾಗಿ ಉಸಿರಾಡಲಿ ಎಂದು ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ಮುಚ್ಚಿ, ಮಸಿ ಹಿಡಿಯುವ ಡಿಪಿಎಫ್ ಸೋಸಕ ಕಿತ್ತು, ಅದರ ಸುದ್ದಿಯನ್ನು ಟ್ಯೂನಿನಿಂದ ಅಳಿಸಿಹಾಕುವ 'ಡಿಲೀಟ್' ಶುರುವಾದ ಮೇಲೆ ಬೆಲೆ ಊರಿನವರ ಪಾಲಿಗೆ ಬರುತ್ತದೆ. ಡಿಲೀಟ್ ಮಾಡಿಸಿದವರಿಗೆ ಮೈಲೇಜ್ ಕೊಂಚ ಏರಿದ್ದೂ ಉಂಟು. ಮಸಿಯನ್ನು ಸುಡಲು ಖರ್ಚಾಗುತ್ತಿದ್ದ ಡೀಸೆಲ್ ಉಳಿಯುತ್ತದೆ, ಮಸಿ ಗಾಳಿಗೆ ಹೋಗುತ್ತದೆ. 2020ರ ನವೆಂಬರಿನಲ್ಲಿ ಇಪಿಎ ಕೊಟ್ಟ ಅಂದಾಜಿನಂತೆ ಅದರ ಹಿಂದಿನ ಒಂದು ದಶಕದಲ್ಲಿ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳ ಮಾಲಿನ್ಯ ನಿಯಂತ್ರಣ ಹೀಗೆ ಕಳಚಿತ್ತು. ಅವುಗಳ ಜೀವಿತಾವಧಿಯಲ್ಲಿ ಹೆಚ್ಚುವರಿಯಾಗಿ ಹೊರಬರುವ ನೈಟ್ರೋಜನ್ ಆಕ್ಸೈಡ್ 5.7 ಲಕ್ಷ ಟನ್ನು. ರಸ್ತೆಗೆ ಇನ್ನೂ 90 ಲಕ್ಷ ಸರಿಯಾದ ಪಿಕಪ್ಪುಗಳನ್ನು ಇಳಿಸಿದಷ್ಟು. ದೊಡ್ಡ ಕಂಪನಿಗಳೇ ಮೋಸ ಮಾಡುವಾಗ ನಮ್ಮನ್ನೇಕೆ ಹಿಡಿಯುತ್ತೀರಿ ಎಂಬ ಆಕ್ಷೇಪಕ್ಕೆ ಆಧಾರವಿದೆ. ರ‍್ಯಾಮ್ ಪಿಕಪ್ಪಿನ ಸುಮಾರು 6.3 ಲಕ್ಷ ಎಂಜಿನ್ನುಗಳಲ್ಲಿ ಪರೀಕ್ಷೆಯನ್ನು ವಂಚಿಸುವ ತಂತ್ರಾಂಶವಿತ್ತು ಎಂಬ ಆರೋಪದ ಮೇಲೆ ಕಮಿನ್ಸ್ ಕಂಪನಿ ತಪ್ಪೊಪ್ಪಿಕೊಳ್ಳದೆಯೇ 167.5 ಕೋಟಿ ಡಾಲರ್ ದಂಡ ಕಟ್ಟಲು 2023ರ ಡಿಸೆಂಬರಿನಲ್ಲಿ ಒಪ್ಪಿತು. ಅದನ್ನು ಹಿಡಿದದ್ದೂ ಡಿಲೀಟ್ ಟ್ಯೂನನ್ನು ನಿಷೇಧಿಸುವ ಅದೇ ಶುದ್ಧ ಗಾಳಿ ಕಾಯ್ದೆ.

ಬೆಂಗಳೂರಿನಲ್ಲೂ ರೀಮ್ಯಾಪ್ ಎಂಬ ಹೆಸರಿನಲ್ಲಿ ಟ್ಯೂನ್ ಮಾಡಿಕೊಡುವ ಗ್ಯಾರೇಜುಗಳಿವೆ. ಏಪ್ರಿಲ್ 2020ರಿಂದ ಬಿಎಸ್-6 ಜಾರಿಗೆ ಬಂದ ಮೇಲೆ ಇಲ್ಲಿನ ಡೀಸೆಲ್ ಗಾಡಿಗಳಲ್ಲೂ ಅದೇ ಸೋಸಕಗಳಿವೆ, ಅವನ್ನು ಕೀಳುವ ಆಮಿಷವೂ ಅದೇ. ಇಷ್ಟಾದ ಮೇಲೂ ಟ್ಯೂನ್ ಬೇಕೆನ್ನುವ ಅಮೆರಿಕದ ಕನ್ನಡಿಗರು ಒಂದು ಕೆಲಸ ಮಾಡಬಹುದು. ಮಾಲಿನ್ಯ ಹೆಚ್ಚಿಸದ ಟ್ಯೂನರುಗಳಿಗೆ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ ವಿನಾಯಿತಿ ಆದೇಶದ ಸಂಖ್ಯೆ ಕೊಡುತ್ತದೆ, ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ದುಡ್ಡು ಕೊಡುವ ಮೊದಲು ಮಾರುವವರಲ್ಲಿ ಆ ಸಂಖ್ಯೆ ಕೇಳಿ, ನಿಮ್ಮ ಗಾಡಿಯ ಮಾಡೆಲ್ ವರ್ಷಕ್ಕೆ ಅದು ಅನ್ವಯಿಸುತ್ತದೆಯೇ ನೋಡಿ. ಟರ್ಬೊ ಇಲ್ಲದ ಪೆಟ್ರೋಲ್ ಪಿಕಪ್ ಇದ್ದವರು ಅಷ್ಟು ಕೇಳುವ ಶ್ರಮವನ್ನೂ ಪಡಬೇಕಾಗಿಲ್ಲ. ಆ ದುಡ್ಡಿಗೆ ನಾಲ್ಕು ಒಳ್ಳೆಯ ಟೈರು ಹಾಕಿಸಲಿ.